ಏಳು ಕೋಟಿಗೆ ಅರ್ಧ ಸೇರಿಸಬೇಡಿ

ಮುಂಜಾನೆ ಮೊಬೈಲಿಗೆ ಬಂದು ಬೀಳುವ ಶುಭೋದಯದ ಗುಲಾಬಿ, ಹಬೆಯಾಡುವ ಚಹಾದ ಕಪ್ಪು, ಇವುಗಳ ಸಾಲಿನಲ್ಲಿ ಈಚೆಗೆ ಒಂದು ತಿದ್ದುಪಡಿಯೂ ಸೇರಿಕೊಂಡಿದೆ. ಇವತ್ತೂ ಬಂತು. ಮೂವತ್ತಮೂರು ಕೋಟಿ ದೇವತೆಗಳು ಎನ್ನುವುದು ನಮ್ಮ ಹಿರಿಯರ ಮಾತನ್ನು ನಾವು ತಪ್ಪಾಗಿ ಕೇಳಿಸಿಕೊಂಡದ್ದಂತೆ. ಕೋಟಿ ಎಂದರೆ ಸಂಖ್ಯೆಯಲ್ಲ, ಬಗೆಯಂತೆ. ವಸುಗಳು ಎಂಟು, ರುದ್ರರು ಹನ್ನೊಂದು, ಆದಿತ್ಯರು ಹನ್ನೆರಡು, ಮೇಲೆ ಇನ್ನಿಬ್ಬರು, ಅಲ್ಲಿಗೆ ಲೆಕ್ಕ ಚುಕ್ತಾ. ವೇದದಲ್ಲಿ ದೇವತೆಗಳು ಮೂವತ್ತಮೂರು ಎಂಬುದು ಸರಿಯೇ, ಅದಕ್ಕೆ ತಕರಾರಿಲ್ಲ. ಕಿರಿಕಿರಿ ಹುಟ್ಟಿಸುವುದು ಆ ಸಂದೇಶದ ದನಿ. ಬೀಗರ ಎದುರಿಗೆ ಅಜ್ಜ ಏನೋ ದೊಡ್ಡ ಮಾತು ಆಡಿಬಿಟ್ಟಾಗ ಮೊಮ್ಮಕ್ಕಳು ಮುಂದೆ ಬಂದು ಸಮಜಾಯಿಷಿ ಕೊಡುತ್ತಾರಲ್ಲ, ಅದೇ ದನಿ. ಕೋಟಿ ಎಂದದ್ದಕ್ಕೆ ನಾಚಿಕೆ. ಅತಿಶಯೋಕ್ತಿ ಎಂದರೆ ಸುಳ್ಳಿನ ಅಣ್ಣ ಎಂಬ ಗುಮಾನಿ.

ಈ ಗುಮಾನಿಯವರು ಒಂದು ಸಲ ಮಂಗಸೂಳಿಗೆ ಬರಬೇಕು. ಕಾಗವಾಡ ತಾಲೂಕಿನ ಈ ಗಡಿಯೂರಿನ ದೇವರು ಕನ್ನಡದ ಬಾಯಿಗೆ ಮಲ್ಲಯ್ಯ, ಮರಾಠಿ ಬಾಯಿಗೆ ಖಂಡೋಬಾ. ಭಂಡಾರ ಮುಗಿಲಿಗೆ ಹಾರುತ್ತದೆ, ಗುಡಿಯ ಕಲ್ಲು, ಜನರ ಮುಖ, ಅಂಗಿ ಎಲ್ಲ ಅರಿಶಿನವಾಗುತ್ತವೆ. ಆ ಹಳದಿಯ ನಡುವೆ ಏಳುವ ಕೂಗು ಏಳು ಕೋಟಿಯದು. ಮಣಿ, ಮಲ್ಲ ಎಂಬ ದೈತ್ಯರನ್ನು ಕೊಲ್ಲಲು ಶಿವ ಮಲ್ಲಯ್ಯನಾಗಿ ಏಳು ಕೋಟಿ ಸೈನ್ಯ ಕಟ್ಟಿಕೊಂಡು ಬಂದನೆಂಬುದು ಕತೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನ 6.11 ಕೋಟಿ. ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರುವ ಮುದುಕರ ತನಕ ನಾಡಿನವರನ್ನೆಲ್ಲ ಭರ್ತಿ ಮಾಡಿಕೊಂಡರೂ ಮಲ್ಲಯ್ಯನ ದಂಡಿಗೆ ಇನ್ನೂ ಸುಮಾರು ತೊಂಬತ್ತು ಲಕ್ಷ ಮಂದಿ ಕಡಿಮೆ. ಈ ಲೆಕ್ಕವನ್ನು ಯಾವ ಭಕ್ತನೂ ಮಾಡಿದ್ದಿಲ್ಲ. ಹೂವಿನಹಡಗಲಿ ಸೀಮೆಯ ಮೈಲಾರದಲ್ಲಿ ಗೊರವರು ಏಳುಕೋಟಿ ಎಂದು ಕೂಗಿದರೆ, ಪುಣೆಯ ಕಡೆಯ ಜೇಜುರಿಯಲ್ಲಿ ಮರಾಠಿಯವರು 'ಯಳಕೋಟ ಯಳಕೋಟ ಜಯ ಮಲ್ಹಾರ' ಎನ್ನುತ್ತಾರೆ. ತಮ್ಮ ಭಾಷೆಯ 'ಸಾತ್' ಅನ್ನು ಅಲ್ಲಿ ಯಾರೂ ತಂದು ಕೂಡಿಸಲಿಲ್ಲ. ಎಣಿಸುವ ಉದ್ದೇಶವಿದ್ದಿದ್ದರೆ ಕೂಡಿಸುತ್ತಿದ್ದರು. ಇನ್ನು ತಿದ್ದುಪಡಿಯವರು ಇಲ್ಲಿಯೂ ಕೋಟಿಯನ್ನು ಬಗೆ ಮಾಡಿದರೆ ಶಿವನ ಸೈನ್ಯ ಏಳು ಬಗೆಯ ಏಳು ಜನಕ್ಕೆ ಬಂದು ನಿಲ್ಲುತ್ತದೆ. ಅಷ್ಟು ಮಂದಿಯನ್ನು ಕಟ್ಟಿಕೊಂಡು ದೈತ್ಯರ ಮೇಲೆ ಹೋಗುವುದು ಬೇಡ.

ನನ್ನ ವಾದ ಇಷ್ಟೇ: ಅತಿಶಯೋಕ್ತಿ ಪ್ರಾಮಾಣಿಕವಾಗಿ ಉಳಿಯುವುದು ಅದು ಯಾರೂ ನಂಬಲಾಗದಷ್ಟು ದೊಡ್ಡದಾಗಿದ್ದಾಗ. ನಂಬಬಹುದಾದ ಅಳತೆಗೆ ಇಳಿದ ಕ್ಷಣವೇ ಅದು ಕೆಡುತ್ತದೆ. 'ಸಾವಿರ ಸಲ ಹೇಳೀನಿ ನಿನಗ' ಎಂದು ತಾಯಿ ಮಗನನ್ನು ಬೈದರೆ ಮಗನಿಗೆ ಅರ್ಥವಾಗುವುದು ಅವಳ ಬೇಸರ. 'ಹದಿನೇಳು ಸಲ ಹೇಳೀನಿ' ಎಂದಳೋ, ಮಗ ಬೆರಳು ಮಡಿಸತೊಡಗುತ್ತಾನೆ, ಹದಿನಾರಕ್ಕೆ ನಿಂತರೆ ತಾಯಿ ಸುಳ್ಳಿ. ಕೃಷ್ಣೆಯ ದಂಡೆಯ ರೈತ ಚಹಾದಂಗಡಿಯಲ್ಲಿ ಕೂತು 'ಈ ಸಲ ಕಬ್ಬು ಮುಗಲಿಗೆ ಮುಟ್ಟೇತಿ' ಎಂದರೆ ಯಾವ ಬ್ಯಾಂಕೂ ಆ ಮಾತಿನ ಮೇಲೆ ಸಾಲ ಕೊಡುವುದಿಲ್ಲ, ಅವನು ಕೇಳುವುದೂ ಇಲ್ಲ. ಗೊಬ್ಬರದ ಜಾಹೀರಾತು ಎಕರೆಗೆ ನೂರಾ ಹನ್ನೆರಡೂವರೆ ಟನ್ ಎಂದು ಬರೆದರೆ ಮಾತ್ರ ಕಿಸೆ ಮುಟ್ಟಿ ನೋಡಿಕೊಳ್ಳಬೇಕು. ಆ ಅರೆಯಲ್ಲೇ ಎಲ್ಲ ಇದೆ. ಯಾರೋ ನಿಂತು ತೂಗಿದ್ದಾರೆ, ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಕಾಟಾದ ಮೇಲೆ ನಿಂತ ಟ್ರ್ಯಾಕ್ಟರಿನ ತೂಕದಲ್ಲಿ ಆನೆಯಷ್ಟು ವ್ಯತ್ಯಾಸ ಬಂದರೆ ಅಲ್ಲೇ ಗಲಾಟೆಯಾಗುತ್ತದೆ. ಮೋಸಕ್ಕೆ ಬೇಕಾದದ್ದು ಒಂದೆರಡು ಕ್ವಿಂಟಲ್ ಮಾತ್ರ. ಚುನಾವಣೆಯ ಭಾಷಣ, ಕಟೌಟು, ಅಂಗೈಯಲ್ಲಿ ಅರಮನೆ, ಇವು ಎಲ್ಲರಿಗೂ ಗೊತ್ತಿದ್ದದ್ದೇ, ಮುಂದೆ ಹೋಗೋಣ.

ಮುಂದೆ ಎಂದರೆ ಹಿಂದಕ್ಕೆ, ಶಾಸನಗಳಿಗೆ. ನಮ್ಮ ಹಳೆಯ ನಾಡುಗಳ ಹೆಸರಿಗೆಲ್ಲ ಒಂದೊಂದು ಅಂಕಿಯ ಬಾಲವಿತ್ತು: ಬನವಾಸಿ 12000, ಬೆಳ್ವೊಲ 300, ನೊಳಂಬವಾಡಿ 32000, ಗಂಗವಾಡಿ 96000. ಸವದತ್ತಿಯ ರಟ್ಟರು ಆಳಿದ, ಬೆಳಗಾವಿ ಸೀಮೆಯ ಬಹುಭಾಗವನ್ನು ಒಳಗೊಂಡಿದ್ದ ಕೂಂಡಿ 3000. ಈ ಅಂಕಿಗಳು ಊರುಗಳ ಸಂಖ್ಯೆಯೋ, ಕಂದಾಯವೋ, ಇನ್ನಾವುದೋ ಎಂದು ವಿದ್ವಾಂಸರು ತಲೆಮಾರುಗಟ್ಟಲೆ ಜಗ್ಗಾಡಿದ್ದಾರೆ. ಇವತ್ತಿನ ಕರ್ನಾಟಕದಲ್ಲೇ ಹಳ್ಳಿಗಳು ಸುಮಾರು ಇಪ್ಪತ್ತೊಂಬತ್ತು ಸಾವಿರ. ಗಂಗರ ಒಂದು ನಾಡಿನಲ್ಲಿ ತೊಂಬತ್ತಾರು ಸಾವಿರ ಊರುಗಳಿದ್ದವೆಂದರೆ ಗದ್ದೆಗೆ ಜಾಗ ಎಲ್ಲಿ ಉಳಿಯಬೇಕು? ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನ ಒಡೆಯ ಇಮ್ಮಡಿ ಪುಲಕೇಶಿಯನ್ನು ತೊಂಬತ್ತೊಂಬತ್ತು ಸಾವಿರ ಗ್ರಾಮಗಳ ಮೂರು ಮಹಾರಾಷ್ಟ್ರಕಗಳಿಗೆ ಅಧಿಪತಿ ಮಾಡಿದ. ಲಕ್ಷ ಎಂದಿದ್ದರೆ ಕವಿಮಾತು ಎಂದು ನಕ್ಕು ಬಿಡಬಹುದಿತ್ತು, ಆದರೆ ಒಂದು ಸಾವಿರ ಕಡಿಮೆ ಮಾಡಿ ಅದಕ್ಕೆ ದಫ್ತರದ ಮುಖ ತಂದುಬಿಟ್ಟ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಚೋಳರು. ಅವರ ಶಾಸನಗಳು ಚಾಲುಕ್ಯರ ಈ ನಾಡನ್ನು ಕರೆಯುವುದು ರಟ್ಟಪಾಡಿ ಏಳೂವರೆ ಲಕ್ಷ ಎಂದು. ಏಳು ಲಕ್ಷ ಸಾಲದೆ? ಎಂಟು ಹೆಚ್ಚಾಯಿತೆ? ಗೆದ್ದ ರಾಜನ ಹೊಗಳುಭಟ್ಟ ಕಲ್ಲಿನ ಮೇಲೆ ಅರೆಯನ್ನು ಕೊರೆಸಿದ, ಸಾವಿರ ವರ್ಷ ಕಳೆದ ಮೇಲೂ ನಾವು ಅದರ ಮುಂದೆ ಕೂತು ಭಾಗಾಕಾರ ಮಾಡುತ್ತಿದ್ದೇವೆ. ಮಲ್ಲಯ್ಯನ ಏಳು ಕೋಟಿಯ ಮೇಲೆ ಇಂಥ ಭಾಗಾಕಾರಕ್ಕೆ ಯಾರೂ ಕೂತಿದ್ದು ಕಾಣೆ. ಅದು ಕಂದಾಯದ ಅಂಕಿಯ ವೇಷ ಹಾಕಲಿಲ್ಲ, ಹಾಗಾಗಿ ಯಾರನ್ನೂ ಮೋಸಪಡಿಸಲಿಲ್ಲ.

ಇದಕ್ಕೆ ಆಕ್ಷೇಪ ಬರುವುದು ಬೀದಿಯಿಂದಲ್ಲ, ಅಲಂಕಾರಶಾಸ್ತ್ರದ ಒಳಗಿಂದಲೇ. ಕವಿರಾಜಮಾರ್ಗಕ್ಕೆ ಆಧಾರವಾದ ಕಾವ್ಯಾದರ್ಶದಲ್ಲಿ ದಂಡಿ, ಲೋಕದ ಮೇರೆ ಮೀರದಿರುವುದೇ ಕಾಂತಿ ಎಂಬ ಗುಣ, ಮೀರುವುದು ಗೌಡದೇಶದ ಕವಿಗಳ ಚಾಳಿ ಎನ್ನುತ್ತಾನೆ. ನಿನ್ನ ಎದೆ ಹೀಗೆ ತುಂಬಿ ಬೆಳೆದೀತೆಂದು ಯೋಚಿಸದೆ ಬ್ರಹ್ಮ ಆಕಾಶವನ್ನು ಚಿಕ್ಕದಾಗಿ ಮಾಡಿಬಿಟ್ಟ ಎಂದು ಹೆಣ್ಣನ್ನು ಹೊಗಳುವುದು ಅವನಿಗೆ ಅತ್ಯುಕ್ತಿ. ಅದರ ಬದಲು ನಿನ್ನ ಎರಡು ತೋಳುಗಳ ನಡುವೆ ಅದಕ್ಕೆ ಜಾಗ ಸಾಲದು ಎಂದರೆ ಒಪ್ಪಿತ. ರುಚಿಯ ವಿಚಾರದಲ್ಲಿ ನಾನೂ ದಂಡಿಯ ಕಡೆಗೇ. ಆಕಾಶವನ್ನು ರವಿಕೆಯ ಅಳತೆಗೆ ತರುವ ಕವಿಯ ಜೊತೆ ಊಟಕ್ಕೆ ಕೂರಲು ಮನಸ್ಸಾಗದು. ಆದರೆ ದಂಡಿ ಆ ಕವಿಯನ್ನು ಸುಳ್ಳುಗಾರ ಎನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಅಷ್ಟೇ ಅಲ್ಲ, ಮುಂದಿನ ಪರಿಚ್ಛೇದಕ್ಕೆ ಬಂದಾಗ ಅತಿಶಯೋಕ್ತಿಯನ್ನು ಅಲಂಕಾರಗಳಲ್ಲಿ ಉತ್ತಮ ಎಂದು ಅವನೇ ಕೂರಿಸುತ್ತಾನೆ. ಬಿಳಿಯ ಹೂವು, ಬಿಳಿಯ ಬಟ್ಟೆ ತೊಟ್ಟ ಹೆಣ್ಣುಗಳು ಬೆಳದಿಂಗಳಿನಲ್ಲಿ ಕಾಣಿಸದೇ ಹೋಗುವುದು ಅವನ ಉದಾಹರಣೆ. ಇಡೀ ಮನುಷ್ಯರು ಮಾಯ! ಅವರು ಅರೆಪಾಲು ಕಾಣುತ್ತಿದ್ದರು ಎಂದಿದ್ದರೆ ಅಲಂಕಾರವೇ ಹೋಗಿ ಮಬ್ಬುಗತ್ತಲು ಮಾತ್ರ ಉಳಿಯುತ್ತಿತ್ತು.

ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಮುಧೋಳ ದೂರವೇನಲ್ಲ. ಆ ಸೀಮೆಯ ರನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಕೊಳದ ನೀರಿನೊಳಗೆ ಅಡಗಿಸಿ, ದಡದ ಮೇಲೆ ಭೀಮನಿಂದ ಗರ್ಜನೆ ಮಾಡಿಸಿ, ನೀರಿನ ಒಳಗೇ ಅವನನ್ನು ಬೆವರಿಸುತ್ತಾನೆ. ನೀರಿನಲ್ಲಿದ್ದವನ ಬೆವರನ್ನು ಕಂಡವರಾರು? ಕಾಣುವಂತಿಲ್ಲ ಎಂಬುದೇ ಕವಿಯ ಪಟ್ಟು. ಹೆದರಿ ನಡುಗಿದ ಎಂದು ಬರೆದಿದ್ದರೆ ಎಲ್ಲರೂ ನಂಬುತ್ತಿದ್ದರು, ಏಕೆಂದರೆ ತಣ್ಣೀರಿನಲ್ಲಿ ಯಾರಾದರೂ ನಡುಗುತ್ತಾರೆ. ಭೀಮನ ಕೂಗಿಗೂ ಚಳಿಗೂ ವ್ಯತ್ಯಾಸ ಉಳಿಯುತ್ತಿರಲಿಲ್ಲ. ಅಸಾಧ್ಯವಾದ ಬೆವರಿಗೆ ಬೇರೆ ಕಾರಣವೇ ಇರಲಾರದು: ಸಿಟ್ಟು, ಅವಮಾನ, ಹೊರಗೆ ಬಾರದೆ ಇರಲಾಗದ ಒಳಗಿನ ಕುದಿ. ಭಕ್ತರು ಏಳು ಕೋಟಿಯನ್ನು ಅಕ್ಷರಶಃ ನಂಬುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಂಬುವವನು ಸೈನಿಕರನ್ನು ಎಣಿಸಿ ನಂಬಿದವನಲ್ಲ. ಒಂದೊಂದು ಗಂಟಲೂ ತನಗಿಂತ ದೊಡ್ಡದಾಗಲು ಆ ಅಂಕಿ ಬೇಕು, ಅವನು ಅಷ್ಟಕ್ಕೆ ಬಳಸುತ್ತಾನೆ. ಮರುದಿನದ ಪತ್ರಿಕೆ ಅದೇ ಜಾತ್ರೆಗೆ 'ಲಕ್ಷಾಂತರ ಭಕ್ತರು' ಬಂದಿದ್ದರು ಎಂದು ಬರೆದರೆ, ಮುಂದಿನ ಜಾತ್ರೆಯ ಬಸ್ಸು, ನೀರು, ಪೊಲೀಸರ ವ್ಯವಸ್ಥೆಯೆಲ್ಲ ಆ ಮಾತಿನ ಮೇಲೆ ನಿಲ್ಲುತ್ತದೆ.

ಆದರೂ ಅರೆಯ ಮೇಲಿನ ನನ್ನ ಸಿಟ್ಟಿಗೆ ಒಂದು ಅಡ್ಡಿ ಇದೆ, ಅದೂ ಆ ತಿದ್ದುಪಡಿಯವರು ಮೆಚ್ಚುವ ಮೂವತ್ತಮೂರರ ಮನೆಯಿಂದಲೇ. ಬೃಹದಾರಣ್ಯಕದಲ್ಲಿ ಶಾಕಲ್ಯ ಯಾಜ್ಞವಲ್ಕ್ಯನನ್ನು ದೇವತೆಗಳೆಷ್ಟು ಎಂದು ಕೇಳುತ್ತಾನೆ. ಮೂರು ಸಾವಿರದ ಮುನ್ನೂರಾರು ಎಂಬ ಉತ್ತರ ಬರುತ್ತದೆ. ಸರಿ, ನಿಜವಾಗಿ ಎಷ್ಟು? ಮೂವತ್ತಮೂರು. ಮತ್ತೆ ಕೇಳಿದರೆ ಆರು, ಆಮೇಲೆ ಮೂರು, ಎರಡು. ಆಮೇಲೆ ಒಂದೂವರೆ! ಕೊನೆಗೆ ಒಂದು. ಆ ಒಂದೂವರೆ ಯಾರೆಂದು ಕೇಳಿದರೆ, ಬೀಸುವ ಗಾಳಿ. ಯಾವ ದಫ್ತರಕ್ಕೂ ಸೇರದ, ಯಾರೂ ತೂಗದ ಈ ಅರೆಯನ್ನು ನಾನು ಯಾವ ಬಾಯಿಂದ ಬೈಯಲಿ? ಕೇಳುವುದನ್ನು ಶಾಕಲ್ಯ ನಿಲ್ಲಿಸಲಿಲ್ಲ. ಕಡೆಗೆ ಯಾಜ್ಞವಲ್ಕ್ಯ ತಿರುಗಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ತೋಚದೆ ಅವನ ತಲೆ ಉದುರಿ ಬಿತ್ತು. ಕಳ್ಳರು ಇನ್ನೇನೋ ಇರಬೇಕೆಂದುಕೊಂಡು ಅವನ ಎಲುಬುಗಳನ್ನು ಹೊತ್ತುಕೊಂಡು ಹೋದರಂತೆ. ಗಂಟು ಬಿಚ್ಚಿ ನೋಡಿದಾಗ ಆ ಕಳ್ಳರ ಮುಖ ಹೇಗಿದ್ದೀತು ಎಂಬುದರ ಮೇಲೆ ಯಾರಾದರೂ ಒಂದು ಪ್ರಹಸನ ಬರೆಯಬಹುದು.