ಆಪರೇಷನ್ ಡಾಕ್ಟರನ್ನು ಆರಿಸುವ ಮುಂಚೆ

ಹುಣಸೆಹಣ್ಣು ಕೊಳ್ಳುವಾಗ ನಾವು ಹೆಂಗಸರು ಬೀಜವೆಷ್ಟು, ನಾರೆಷ್ಟು ಎಂದು ಬೆರಳಲ್ಲಿ ಬಿಡಿಸಿ ನೋಡುತ್ತೇವೆ. ರೇಷ್ಮೆ ಸೀರೆಯಾದರೆ ಸೆರಗಿನ ಹಿಂಬದಿ ತಿರುವಿ ಜರಿ ನೋಡುತ್ತೇವೆ. ಆದರೆ ನಮ್ಮ ಹೊಟ್ಟೆ ಕೊಯ್ಯುವ ಡಾಕ್ಟರು ಯಾರು, ಏನು ಓದಿದ್ದಾರೆ ಅಂತ ಮಾತ್ರ ಕೇಳುವುದಿಲ್ಲ. "ಯಜಮಾನರು ಕರಕೊಂಡು ಹೋದರು, ಅಲ್ಲೇ ಮಾಡಿಸಿದರು" ಎನ್ನುತ್ತೇವೆ, ಅಷ್ಟೆ. ನಿಮ್ಮಲ್ಲೂ ಹೀಗೇ ಅಲ್ಲವೇ, ಸೋದರಿಯರೇ?

ನಮ್ಮದು ಮುಳಬಾಗಿಲು. ಎರಡು ವರ್ಷದ ಹಿಂದೆ ಅವರೆಕಾಯಿ ಕಾಲದಲ್ಲಿ ನನಗೆ ಬಲಪಕ್ಕೆಯ ಕೆಳಗೆ ನೋವು ಶುರುವಾಯಿತು. ಹಿತಕಬೇಳೆ ಸಾರು, ವಡೆ ತಿಂದ ರಾತ್ರಿಯಂತೂ ನೋವು ಬೆನ್ನಿಗೂ ಬಲಭುಜಕ್ಕೂ ಏರಿ, ಬೆಳಗಿನ ಜಾವದವರೆಗೆ ಗೋಡೆಗೊರಗಿ ಕೂತಿರುತ್ತಿದ್ದೆ. ಮನೆಯವರೆಲ್ಲ "ಗ್ಯಾಸು" ಎಂದರು. ಅತ್ತೆ ಓಮದ ಕಷಾಯ ಮಾಡಿಕೊಟ್ಟರು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿವೆ ಎಂದು ಗೊತ್ತಾಯಿತು.

ಅಲ್ಲಿಂದ ಶುರುವಾಯಿತು ನೋಡಿ, ಮನೆ ತುಂಬ ಸಲಹೆ. ಭಾವನವರು "ಬೆಂಗಳೂರಿಗೇ ಹೋಗಬೇಕು, ಇಲ್ಲೆಲ್ಲ ಏನಿದೆ?" ಎಂದರು. ಮಾಲೂರಿನ ಅಕ್ಕ, "ನಮ್ಮೂರಿಂದ ರೈಲು ಹತ್ತಿದರೆ ವೈಟ್‌ಫೀಲ್ಡು, ಅಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಬಂದುಬಿಡೇ" ಎಂದಳು. ನಮ್ಮೆಜಮಾನರು ತಮ್ಮ ಸ್ನೇಹಿತರೊಬ್ಬರು ಹೇಳಿದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅದು ಯಾವ ಊರು, ಯಾವುದು ಎಂಬುದು ಬೇಡ. ಅಲ್ಲಿನ ಡಾಕ್ಟರು ನನ್ನ ಮುಖ ನೋಡದೆ ಇವರ ಕಡೆ ತಿರುಗಿ, "ನಾಳೆಯೇ ಅಡ್ಮಿಟ್ ಮಾಡಿ, ತಡಮಾಡಿದರೆ ಒಡೆದುಹೋಗುತ್ತೆ" ಎಂದರು. "ಆಪರೇಷನ್ ಯಾರು ಮಾಡ್ತಾರೆ ಸಾರ್?" ಎಂದು ಕೇಳಿದೆ. "ಬೆಂಗಳೂರಿಂದ ಬರ್ತಾರೆ, ನೀವು ತಲೆ ಕೆಡಿಸ್ಕೋಬೇಡಿ ಅಮ್ಮ" ಎಂದರು. ಬರುವವರ ಹೆಸರನ್ನೂ ಹೇಳಲಿಲ್ಲ. ಮಾಡಿ ಹೊರಟುಹೋದ ಮೇಲೆ ರಾತ್ರಿ ಏನಾದರೂ ಆದರೆ ನೋಡುವವರು ಯಾರು? ಹೊರಗೆ ಬಂದವಳೇ "ಇಲ್ಲಿ ಬೇಡ" ಎಂದೆ. ಎಂಟು ದಿನ ಮನೆಯಲ್ಲಿ ಬಿಗುವಾದ ಮುಖಗಳೇ.

ನಾನು ಹಟಕ್ಕೆ ಬಿದ್ದದ್ದಲ್ಲ. ಶ್ರೀನಿವಾಸಪುರದಲ್ಲಿ ನನ್ನ ತಾಯಿಗೆ ಹೊಕ್ಕುಳಲ್ಲಿ ಹರ್ನಿಯಾ ಇತ್ತು. ಗಂಡಸು ಡಾಕ್ಟರ ಮುಂದೆ ಹೊಟ್ಟೆ ತೋರಿಸುವುದು ಹೇಗೆ ಎಂಬ ನಾಚಿಕೆಗೆ ಎಂಟು ವರ್ಷ ಸೀರೆಯಲ್ಲಿ ಬಿಗಿದು ಮುಚ್ಚಿಟ್ಟಿದ್ದರು. ಒಂದು ವರ್ಷ ಮಾವಿನ ಸುಗ್ಗಿಯಲ್ಲಿ, ತೋಟದಿಂದ ಕಾಯಿ ಬಂದು ಮನೆ ತುಂಬಿದ್ದಾಗ, ಕರುಳು ಅದರಲ್ಲಿ ಸಿಕ್ಕಿಕೊಂಡಿತು. ನಡುರಾತ್ರಿ ಕೋಲಾರಕ್ಕೆ ಓಡಿದ್ದಾಯಿತು. ಸಿಕ್ಕ ಡಾಕ್ಟರೇ ದೇವರು, ಆರಿಸಲು ಸಮಯವೆಲ್ಲಿ? ಕಪ್ಪಗಾದ ಕರುಳಿನ ತುಂಡನ್ನು ಕತ್ತರಿಸಿ ತೆಗೆದರು. ಅಮ್ಮ ಬದುಕಿದರು, ಆದರೆ ಮೊದಲಿನ ಅಮ್ಮ ಆಗಲಿಲ್ಲ. ಆರಿಸಲು ಸಮಯವಿದ್ದಾಗಲೇ ಆರಿಸಬೇಕು ಎಂದು ಅಂದೇ ನನ್ನ ಮನಸ್ಸಿಗೆ ನಾಟಿತ್ತು.

ನಾನು ಎಸ್.ಎಸ್.ಎಲ್.ಸಿ. ಓದಿದವಳು. ಆದರೂ ಮಗಳ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಆರು ಪ್ರಶ್ನೆ ಬರೆದುಕೊಂಡೆ. ಒಂದು, ಆಪರೇಷನ್ ಬೇಕೇ ಬೇಕೆ, ಕಾಯಬಹುದೆ? ಎರಡು, ಮಾಡುವವರು ಯಾರು, ಏನು ಓದಿದ್ದಾರೆ, ಇಂಥವು ತಿಂಗಳಿಗೆ ಎಷ್ಟು ಮಾಡುತ್ತಾರೆ? ಮೂರು, ಅರಿವಳಿಕೆ ಕೊಡುವವರು ಅದಕ್ಕೆಂದೇ ಓದಿದ ಡಾಕ್ಟರೆ? ನಾಲ್ಕು, ರಾತ್ರಿ ಯಾರಿರುತ್ತಾರೆ, ರಕ್ತ ಬೇಕಾದರೆ ಎಲ್ಲಿಂದ? ಐದು, ಏನೇನು ತೊಂದರೆ ಆಗಬಹುದು? ಆರು, ಔಷಧಿ, ಕೋಣೆ ಎಲ್ಲ ಸೇರಿ ಖರ್ಚೆಷ್ಟು?

ಕೋಲಾರ ನಮಗೆ ಸುಮಾರು ಮೂವತ್ತು ಕಿಲೋಮೀಟರು. ಅಲ್ಲಿ ಜಿಲ್ಲಾ ಆಸ್ಪತ್ರೆಯಾದ ಎಸ್.ಎನ್.ಆರ್. ಇದೆ, ಮಿಷನ್‌ನವರ ಹಳೆಯ ಇ.ಟಿ.ಸಿ.ಎಂ. ಇದೆ, ಟಮಕದಲ್ಲಿ 1986ರಲ್ಲಿ ಶುರುವಾದ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಕೋಲಾರದಲ್ಲೇ ಒಬ್ಬ ಸರ್ಜನ್ನರ ಹತ್ತಿರ ಹೋದೆವು. ನಾನು ಹಾಳೆ ತೆಗೆದಾಗ ಇವರು ಮುಜುಗರದಿಂದ ಕಿಟಕಿ ಕಡೆ ನೋಡಿದರು. ಡಾಕ್ಟರು ನಕ್ಕು, "ಓದಿ ತಾಯಿ" ಎಂದರು.

ಕಲ್ಲಿದ್ದೂ ನೋವಿಲ್ಲದವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಡವಂತೆ. ನನ್ನ ಹಾಗೆ ಮತ್ತೆ ಮತ್ತೆ ನೋವು ಬರುವವರು ಮಾಡಿಸಿಕೊಳ್ಳುವುದು ಒಳ್ಳೆಯದು. ಜ್ವರ, ಕಾಮಾಲೆ, ನಿಲ್ಲದ ನೋವು ಬಂದರೆ ಮಾತ್ರ ಆ ಕ್ಷಣವೇ ಓಡಿ ಬರಬೇಕು; ಇಲ್ಲದಿದ್ದರೆ ಮಗಳ ಪರೀಕ್ಷೆ ಮುಗಿಸಿಕೊಂಡು ಬಂದರೂ ಆದೀತು ಎಂದರು. ಸಣ್ಣ ತೂತು ಹಾಕಿ ದುರ್ಬೀನಿನಲ್ಲಿ ಮಾಡುವ ಈ ಆಪರೇಷನ್ನು ಜರ್ಮನಿಯಲ್ಲಿ 1985ರಲ್ಲಿ, ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯಲ್ಲಿ ಮೊದಲು ನಡೆಯಿತಂತೆ. "ಒಳಗೆ ಅಂಟಿಕೊಂಡಿದ್ದರೆ ಹೊಟ್ಟೆ ತೆರೆದೇ ಮಾಡಬೇಕಾಗಬಹುದು. ಪಿತ್ತನಾಳಕ್ಕೆ ಪೆಟ್ಟಾಗುವುದು ಸಾವಿರದಲ್ಲಿ ಮೂರೋ ಐದೋ ಜನಕ್ಕೆ. ಆಗುವುದೇ ಇಲ್ಲ ಎಂದು ನಾನು ಹೇಳಲಾರೆ" ಎಂದರು. ಹೆದರಿಕೆಯಾಯಿತು, ನಿಜ. ಆದರೆ ನನಗೆ ನಂಬಿಕೆ ಹುಟ್ಟಿದ್ದೂ ಆ ಮಾತಿನಿಂದಲೇ.

ಓದಿನ ವಿಷಯ ನಮಗೆಲ್ಲ ಗೊತ್ತಿರಬೇಕು. ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಶಸ್ತ್ರಚಿಕಿತ್ಸೆಯನ್ನೇ ಓದಿದವರು ಎಂ.ಎಸ್. ಅಥವಾ ಡಿ.ಎನ್.ಬಿ. ಎಂದು ಹಾಕಿಕೊಳ್ಳುತ್ತಾರೆ. ಚೀಟಿಯ ಮೇಲೆ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು. ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕದ 2007ರ ಕಾಯಿದೆಯಂತೆ ನೋಂದಣಿ ಆಗಿರಬೇಕು. ಆ ಪತ್ರವೂ ದರಪಟ್ಟಿಯೂ ಕಾಣುವಂತೆ ಹಾಕಿರಬೇಕು. ನಮ್ಮ ಚಿಕಿತ್ಸೆಯ ಕಾಗದ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದಲೂ ಇದೆ. ಬಿ.ಪಿ.ಎಲ್. ಕಾರ್ಡಿನವರಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಉಂಟು. ಹಾಲಿನ ಸೊಸೈಟಿ ಸದಸ್ಯರಿಗೆ, ನಡುವೆ ನಿಂತು 2023ರಲ್ಲಿ ಮತ್ತೆ ಶುರುವಾದ ಯಶಸ್ವಿನಿ ಉಂಟು. ಯಾವ ಆಸ್ಪತ್ರೆಗೆ ಅನ್ವಯಿಸುತ್ತದೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕೇ ಎಂಬುದನ್ನು ಅಡ್ಮಿಟ್ ಆಗುವ ಮುಂಚೆಯೇ ಕೇಳಿಕೊಳ್ಳಿ.

ಇನ್ನೊಂದು ಮಾತು ಮರೆಯಬೇಡಿ. ಒಪ್ಪಿಗೆ ಪತ್ರಕ್ಕೆ ನೀವೇ ಓದಿ, ನೀವೇ ಸಹಿ ಹಾಕಿ. ಒಬ್ಬ ಹೆಣ್ಣುಮಗಳು ಒಳಗೆ ಏನಾಗಿದೆ ಎಂದು ದುರ್ಬೀನಿನಲ್ಲಿ ನೋಡಿಸಿಕೊಳ್ಳಲು ಹೋಗಿದ್ದಾಗ, ಆಕೆ ಎಚ್ಚರವಿಲ್ಲದೆ ಮಲಗಿರುವಾಗಲೇ, ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. 2008ರಲ್ಲಿ ಸುಪ್ರೀಂ ಕೋರ್ಟು ಅದು ಸರಿಯಲ್ಲ ಎಂದಿತು. ಜೀವಕ್ಕೆ ಅಪಾಯವಿಲ್ಲದಿದ್ದಾಗ, ಬುದ್ಧಿ ಬಂದ ಹೆಂಗಸಿನ ದೇಹದ ವಿಷಯಕ್ಕೆ ಅವಳ ಒಪ್ಪಿಗೆಯೇ ಬೇಕು. ಹೆತ್ತ ತಾಯಿಯದೂ ಸಾಲದು.

ಅಂತೂ ಪರೀಕ್ಷೆ ಮುಗಿದ ವಾರ ಅಡ್ಮಿಟ್ ಆದೆ. ಥಿಯೇಟರಿನಲ್ಲಿ ಸಿಸ್ಟರ್ ಒಬ್ಬರು "ನಿಮ್ಮ ಹೆಸರೇನು, ಇವತ್ತು ಏನು ಆಪರೇಷನ್ನು?" ಎಂದು ಕೇಳಿದರು. ಎಲ್ಲ ಗೊತ್ತಿದ್ದೂ ಕೇಳ್ತಾರಲ್ಲ ಅಂದುಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಮಾಡಿದ ಪಟ್ಟಿಯಂತೆ, ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ಹೊರಗೆ ಕಳಿಸುವ ಮುಂಚೆ ಹೀಗೆ ಕೇಳಿ ನೋಡಿಕೊಳ್ಳಬೇಕಂತೆ. ಮೂರನೆಯ ದಿನ ಮನೆಗೆ ಬಂದೆ. ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳಿಸಿದ್ದರು. ಆ ರಿಪೋರ್ಟನ್ನೂ ಕೇಳಿ ಪಡೆದುಕೊಳ್ಳಬೇಕು. ಹದಿನೈದು ದಿನ ನಮ್ಮೆಜಮಾನರೇ ಮುದ್ದೆ ತಿರುವಿದರು. ಗಂಟು ಗಂಟಾಗಿತ್ತು, ಅತ್ತೆ ಮಾತಾಡದೆ ನುಂಗಿದರು.

ನನ್ನ ಆ ಹಾಳೆ ಈಗ ಎದುರುಮನೆಯವರ ಹತ್ತಿರ ಇದೆ. ಅವರ ಯಜಮಾನರು ಕೋಲಾರದ ಟೊಮೆಟೊ ಮಂಡಿಯಲ್ಲಿ ಹಮಾಲಿ, ಹರ್ನಿಯಾ ಆಗಿದೆ. ಆಕೆಗೆ ಬರೆಯಲು ಬಾರದು, ಮಗನ ಕೈಯಲ್ಲಿ ಏಳನೆಯ ಪ್ರಶ್ನೆ ಬರೆಸಿಕೊಂಡಿದ್ದಾರೆ: "ಮತ್ತೆ ಯಾವತ್ತಿಂದ ಬಾಕ್ಸು ಎತ್ತಬಹುದು?"