ಕಿವಿಯ ಹಿಂದಿನ ಉಣುಗು

ಕಬಿನಿಯ ಈಚೆಯ ದಡದಲ್ಲಿ, ಬೈರಕುಪ್ಪೆಗೆ ಇದಿರಾಗಿ, ವಯನಾಡಿನ ಕಾಡಂಚಿಗೆ ತಾಗಿಕೊಂಡು ಒಂದು ಸಣ್ಣ ಕೇರಿಯಿದೆ. ಆ ಕೇರಿಯ ಅಜ್ಜಿ ಹದಿನಾರನೆಯ ವಯಸ್ಸಿನಲ್ಲಿ ಆಚೆಯ ದಡದಿಂದ ದೋಣಿಯೇರಿ ಸೊಸೆಯಾಗಿ ಬಂದವರು. ಸಂತೆಯ ವ್ಯವಹಾರಕ್ಕೆ ಬೇಕಾದಷ್ಟು ಮಲೆಯಾಳವನ್ನು ಒಂದೆರಡು ವರ್ಷಗಳಲ್ಲೇ ಕಲಿತರು. ದೇವರೊಡನೆ, ದನಗಳೊಡನೆ ಮತ್ತು ನೋವಿನೊಡನೆ ಮಾತ್ರ ಕನ್ನಡದಲ್ಲೇ ಮಾತನಾಡಿದರು.

ಉಣುಗು ತೆಗೆಯುವುದರಲ್ಲಿ ಅವರ ಕೈ ಕೇರಿಗೆಲ್ಲ ಹೆಸರಾಗಿತ್ತು. ಸಂಜೆ ಹಟ್ಟಿಗೆ ಮರಳಿದ ಹಸುವಿನ ಕಿವಿಯೊಳಗೆ, ಕೆಚ್ಚಲಿನ ಮಡಿಕೆಯಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ಕಿತ್ತು, ಕೆಂಡದ ಮೇಲೆ ಹಾಕಿ ಚಟ್ಟೆಂದು ಸಿಡಿಸುತ್ತಿದ್ದರು. ಮಕ್ಕಳ ಮೈಗೆ ಅಂಟಿದ್ದಕ್ಕೆ ಸೀಮೆಎಣ್ಣೆಯ ಬತ್ತಿ. ಅದಕ್ಕೂ ಬಿಡದಿದ್ದರೆ ಸುಣ್ಣ, ಇಲ್ಲವೇ ಹೊಗೆಸೊಪ್ಪಿನ ರಸ. ಯಾವುದಕ್ಕೂ ಜಗ್ಗದ ಮೊಂಡು ಉಣುಗಿಗೆ ಬೀಡಿಯ ಬೆಂಕಿ. ಅರವತ್ತು ವರ್ಷಗಳ ಈ ವಿದ್ಯೆಯಲ್ಲಿ ಅವರಿಗೆ ಸೋಲು ನೆನಪಿರಲಿಲ್ಲ. ಕಾಡಿನ ಬದಿಯಲ್ಲಿ ಬದುಕುವವರ ಮೈಯಿಂದ ಕಾಡು ತನ್ನ ಪಾಲಿನ ರಕ್ತವನ್ನು ತೆಗೆದುಕೊಳ್ಳುತ್ತದೆ, ಅದೊಂದು ಸಣ್ಣ ತೆರಿಗೆ ಎಂದಷ್ಟೇ ಅವರು ಭಾವಿಸಿದ್ದರು.

2015ರ ಬೇಸಗೆಯಲ್ಲಿ ಆ ತೆರಿಗೆಯ ಲೆಕ್ಕ ತಪ್ಪಿತು.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟು, ಆ ಕಾಡಿನ ಹೆಸರನ್ನೇ ಹೊತ್ತುಕೊಂಡ ಮಂಗನ ಕಾಯಿಲೆ ಬಹುಕಾಲ ಮಲೆನಾಡಿನ ಸಂಕಟವಾಗಿಯೇ ಉಳಿದಿತ್ತು. 2012ರಲ್ಲಿ ಬಂಡೀಪುರದ ಕಾಡಿನಲ್ಲಿ ಅದು ತಲೆಯೆತ್ತಿತು. ಸತ್ತ ಮಂಗಗಳ ವಿಲೇವಾರಿ ಮಾಡಿದ ಕೆಲಸಗಾರರೇ ಮೊದಲು ಮಲಗಿದರು. ಮರುವರ್ಷ ವಯನಾಡಿನ ನೂಲ್ಪುಳದಲ್ಲಿ ಕಾಣಿಸಿಕೊಂಡಿತು. 2015ರಲ್ಲಿ ಪುಲ್ಪಳ್ಳಿಯ ಸುತ್ತಮುತ್ತ ಹರಡಿ, ಜಿಲ್ಲೆಯಲ್ಲಿ 100ರಷ್ಟು ಮಂದಿಯನ್ನು ಹಿಡಿಯಿತು. ಅವರಲ್ಲಿ ಹೆಚ್ಚಿನವರು ಕಾಡಂಚಿನ ಆದಿವಾಸಿಗಳು. ಅದೇ ವರ್ಷ ಗೋವೆಯ ಸತ್ತರಿಯಲ್ಲಿ ಗೇರುತೋಟದ ಕೂಲಿಗಳೂ ಇದೇ ಜ್ವರದಿಂದ ನರಳಿದರು. ರಾಜ್ಯಗಳ ಗಡಿ ಮಂಗಕ್ಕೂ ತಿಳಿಯದು, ಉಣುಗಿಗೂ ತಿಳಿಯದು. ಮಲೆಯಾಳದಲ್ಲಿ ಇದನ್ನು ಕುರಂಗುಪನಿ ಎಂದರು. ಅಜ್ಜಿ ಆ ಮಾತನ್ನು ಕೇಳಿ, ಮಂಗಗಳಿಗೆ ಬರುವ ಜ್ವರ ಮಂಗಗಳಿಗೇ ಇರಲಿ ಎಂದು ಸುಮ್ಮನಾದರು.

ಫೆಬ್ರವರಿಯ ಒಂದು ಸಂಜೆ ಹತ್ತೊಂಬತ್ತರ ಮೊಮ್ಮಗ ಕಟ್ಟಿಗೆಯ ಹೊರೆ ಇಳಿಸಿ ಜಗಲಿಯಲ್ಲಿ ಕುಳಿತಾಗ, ಅವನ ಕಿವಿಯ ಹಿಂದೆ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆಯೊಂದನ್ನು ಅವರು ಕಂಡರು. ಬೆರಳಿಗೆ ಸಿಗದಷ್ಟು ಸಣ್ಣದು. ಹಸುವಿನ ಮೈಮೇಲೆ ಹರಳುಬೀಜದಂತೆ ಊದಿಕೊಳ್ಳುವ ದೊಡ್ಡ ಉಣುಗು ಮನುಷ್ಯರನ್ನು ಅಷ್ಟಾಗಿ ಹುಡುಕುವುದಿಲ್ಲ. ಅಪಾಯವಿರುವುದು ಅದರ ಎಳೆಯ ಮರಿಯಲ್ಲಿ. ಮಳೆ ನಿಂತು ಹುಲ್ಲು ಒಣಗುವ ನವೆಂಬರ್, ಡಿಸೆಂಬರಿನಿಂದ ಮೇ ತಿಂಗಳವರೆಗೆ ಈ ಮರಿಗಳು ತರಗೆಲೆಯಲ್ಲೂ ಹುಲ್ಲಿನ ತುದಿಯಲ್ಲೂ ಮುಂಗಾಲು ಚಾಚಿ ಕಾಯುತ್ತವೆ. ಹಾದುಹೋಗುವ ಕಾಲಿಗೆ ತಗುಲಿಕೊಂಡು ಬಟ್ಟೆಯ ಒಳಗಿಂದ ಮೇಲಕ್ಕೇರಿ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕೂದಲಿನ ಬುಡ ಹೀಗೆ ಮೆತ್ತಗಿನ ತಾಣ ಹಿಡಿಯುತ್ತವೆ. ಕಚ್ಚಿದ್ದು ತಿಳಿಯುವುದಿಲ್ಲ. ನೋವು ಕಾಣದಂತೆ ಮಾಡುವ ರಸ ಅದರ ಜೊಲ್ಲಿನಲ್ಲೇ ಇದೆ.

ಅಜ್ಜಿ ಬೀಡಿ ಹಚ್ಚಿ ತಂದರು. ಉಣುಗು ಸುಟ್ಟು ಉದುರಿತು. ಕೆಲಸ ಮುಗಿಯಿತು.

ಹಾಗೆ ಮಾಡಬಾರದಿತ್ತು ಎಂಬುದು ಅವರಿಗೆ ತಿಳಿದದ್ದು ಬಹಳ ದಿನಗಳ ಅನಂತರ. ಬಿಸಿ ತಾಗಿದರೂ ಎಣ್ಣೆ ಬಿದ್ದರೂ ಉಣುಗು ಕಂಗೆಟ್ಟು, ತನ್ನೊಳಗಿನ ಜೊಲ್ಲನ್ನು ಗಾಯದೊಳಕ್ಕೆ ಇನ್ನಷ್ಟು ಕಾರಬಹುದು. ಬೆರಳುಗಳ ನಡುವೆ ಹಿಸುಕುವುದೂ ಅಷ್ಟೇ ಕೆಟ್ಟದ್ದು. ಮೊನೆ ಸಣ್ಣಗಿರುವ ಚಿಮಟದಿಂದ, ಚರ್ಮಕ್ಕೆ ತೀರ ಹತ್ತಿರದಲ್ಲಿ ಅದರ ಬಾಯಿಯನ್ನೇ ಹಿಡಿದು, ತಿರುಚದೆ, ಜರ್ಕು ಕೊಡದೆ, ನೇರವಾಗಿ ಮೇಲಕ್ಕೆಳೆದು, ಸಾಬೂನು ನೀರಿನಿಂದ ತೊಳೆಯುವುದು ಸರಿಯಾದ ಕ್ರಮ. ಇಷ್ಟು ಸರಳವಾದುದನ್ನು ಅರವತ್ತು ವರ್ಷ ಯಾರೂ ತಮಗೆ ಹೇಳಲಿಲ್ಲವಲ್ಲ ಎಂಬುದೇ ಅವರ ಮುನಿಸು. ಆರೋಗ್ಯ ಇಲಾಖೆಯ ಕಾಗದ ಕೇರಿಗೆ ಬಂದಿರಲಿಲ್ಲವೆಂದಲ್ಲ. ಬಂದಿತ್ತು, ಗೋಡೆಗೂ ಅಂಟಿತ್ತು. ಅವರು ಓದಬಲ್ಲ ಲಿಪಿಯಲ್ಲಿ ಇರಲಿಲ್ಲ.

ಆರನೆಯ ದಿನ ಮೊಮ್ಮಗನಿಗೆ ಜ್ವರ ಸಿಡಿಲಿನಂತೆ ಬಂತು. ಹಣೆ ಒಡೆಯುವ ತಲೆನೋವು, ಸೊಂಟ ಕಾಲುಗಳಲ್ಲಿ ತಾಳಲಾರದ ನೋವು, ಕೆಂಪೇರಿದ ಕಣ್ಣು. ಅಂಗಡಿಯಿಂದ ತಂದ ನೋವಿನ ಮಾತ್ರೆ ಎರಡು ದಿನ ನುಂಗಿದ. ಮೂರನೆಯ ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದುದನ್ನು ಕಂಡು ಅಜ್ಜಿ ಜೀಪು ಕರೆಸಿದರು.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದೇ ಕಾಡಿಗೆ ಹೋಗಿದ್ದೆಯಾ ಎಂದು. ಇಲ್ಲ ಎಂದ ಮೊಮ್ಮಗ. ಸತ್ತ ಮಂಗ ಕಂಡಿದ್ದೆಯಾ? ಇಲ್ಲ. ಅವನು ಕಟ್ಟಿಗೆ ತಂದದ್ದು ಅಭಯಾರಣ್ಯದ ಒಳಗಿಂದ. ಅದು ಅಪರಾಧ. ಮೇಲಾಗಿ ಅರಣ್ಯ ಕಾವಲಿನ ದಿನಗೂಲಿ ಕೆಲಸಕ್ಕೆ ಅವನು ಅರ್ಜಿ ಹಾಕಿ ಕಾದಿದ್ದ; ಹೆಸರಿಗೊಂದು ಮೊಕದ್ದಮೆ ಅಂಟಿದರೆ ಆ ಕೆಲಸ ಕನಸು. ಅಷ್ಟು ಜ್ವರದಲ್ಲೂ ಅವನ ಲೆಕ್ಕಾಚಾರ ತಪ್ಪಿರಲಿಲ್ಲ.

ಅಜ್ಜಿ ಮಂಚದ ಕಾಲ ಬಳಿ ನಿಂತಿದ್ದರು. ಅವರಿಗೆ ಗೊತ್ತಿತ್ತು. ವಾರದ ಹಿಂದೆ ತೊರೆಯ ಬಳಿ ಹಲಸಿನ ಮರದಡಿ ಮಂಗವೊಂದು ಸತ್ತುಬಿದ್ದಿತ್ತೆಂದು ಅವನೇ ಹೇಳಿದ್ದ. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿನ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲಿ ಹರಡುತ್ತವೆ. ಅಲ್ಲಿ ಕಾಲಿಡುವವನಿಗೆ ಅದು ಹೊಂಚಿನ ಜಾಗ. ಬಾಯಿಬಿಟ್ಟರೆ ಮಗುವಿನ ಅನ್ನ ಹೋಗುತ್ತದೆ, ಬಿಡದಿದ್ದರೆ ಮಗುವೇ. ಅವರು ಕಲಿತ ಮಲೆಯಾಳ ಆ ಹೊತ್ತಿನಲ್ಲಿ ನಾಲಗೆಗೆ ಬರಲಿಲ್ಲ. ಕನ್ನಡದಲ್ಲೇ ಹೇಳಿದರು:

"ಹೋಗಿದ್ದ ಡಾಕ್ಟ್ರೇ. ಸೌದೆಗೆ ಹೋಗಿದ್ದ. ಮಂಗ ಸತ್ತಿದ್ದ ಜಾಗ್ದಾಗೇ ಹೋಗಿದ್ದ. ಕಿವಿ ಹಿಂದ್ಲ ಉಣುಗ್ನ ಸುಟ್ಟೋಳು ನಾನೇ."

"ಅಜ್ಜೀ, ಸುಮ್ಕಿರು" ಎಂದ ಮೊಮ್ಮಗ.

"ನೀ ಸುಮ್ಕಿರಪ್ಪ."

ವೈದ್ಯರಿಗೆ ಮಾತು ಪೂರ್ತಿ ತಿಳಿಯಲಿಲ್ಲ. ಪಕ್ಕದ ಮಂಚದ ರೋಗಿಯ ತಾಯಿ ಮಲೆಯಾಳಕ್ಕೆ ತಿರುಗಿಸಿದರು. ಅಜ್ಜಿ ಸೆರಗಿನ ಗಂಟಿನಿಂದ ಮಾತ್ರೆಯ ಹಾಳೆಯನ್ನೂ ತೆಗೆದುಕೊಟ್ಟರು. ಆ ಮಾತ್ರೆಯನ್ನು ವೈದ್ಯರು ತಕ್ಷಣ ನಿಲ್ಲಿಸಿದರು. ರಕ್ತ ಒಸರುವ ಇಂಥ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು; ಕೊಡಬಹುದಾದದ್ದು ಪ್ಯಾರಸಿಟಮಾಲ್. ರಕ್ತದ ಮಾದರಿ ಮಣಿಪಾಲಕ್ಕೆ ಹೋಯಿತು. ಈ ವೈರಾಣುವನ್ನೇ ಕೊಲ್ಲುವ ಔಷಧ ಇಲ್ಲ. ದ್ರವ ಕೊಟ್ಟು, ರಕ್ತದೊತ್ತಡ ಮತ್ತು ರಕ್ತಕಣಗಳ ಮೇಲೆ ಕಣ್ಣಿಟ್ಟು, ಮೈ ತಾನೇ ಗೆಲ್ಲುವವರೆಗೆ ಕಾಯಬೇಕು. ರೋಗ ಬಂದ ನೂರರಲ್ಲಿ ಮೂರರಿಂದ ಐದು ಮಂದಿ ಗೆಲ್ಲುವುದಿಲ್ಲ.

ಎರಡು ವಾರಕ್ಕೆ ಮನೆಗೆ ಬಂದ. ಕೇರಿಯವರು ಹತ್ತು ದಿನ ಅವರ ಅಂಗಳಕ್ಕೆ ಕಾಲಿಡಲಿಲ್ಲ. ಈ ಜ್ವರ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲವೆಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಹೇಳಬೇಕಾಯಿತು. ಎಲ್ಲ ಮುಗಿಯಿತೆನ್ನುವಾಗ ಜ್ವರ ಮರುಕಳಿಸಿತು, ತಲೆನೋವು, ನಡುಕ, ತಡವರಿಸುವ ಮಾತುಗಳೊಂದಿಗೆ. ಕೆಲವರಲ್ಲಿ ಹೀಗೆ ಎರಡನೆಯ ಸುತ್ತು ಬರುತ್ತದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ಅಜ್ಜಿ ಈ ಸಲ ಒಂದು ಗಂಟೆಯನ್ನೂ ಕಳೆಯಲಿಲ್ಲ. ಹುಡುಗ ಉಳಿದ. ಮೊಕದ್ದಮೆಯೇನೂ ಆಗಲಿಲ್ಲ, ಕೆಲಸವೂ ಸಿಗಲಿಲ್ಲ. ಅಜ್ಜಿಯ ಮಾತಿನಿಂದಲೇ ಅದು ತಪ್ಪಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ಮೊಮ್ಮಗ ಕೆಲವು ತಿಂಗಳು ಅವರೊಡನೆ ಬೇಕಾದಷ್ಟೇ ಮಾತನಾಡಿದ.

ಹಿಂದೆ ಬಳಕೆಯಲ್ಲಿದ್ದ ಲಸಿಕೆ ಸಾಕಷ್ಟು ಫಲ ಕೊಡುವುದಿಲ್ಲವೆಂದು 2022ರಲ್ಲಿ ನಿಂತುಹೋಯಿತು. ಆದ್ದರಿಂದ ಕಾಡಂಚಿನ ಮನೆಗಳಿಗೆ ಈಗ ಉಳಿದಿರುವುದು ಎಚ್ಚರವೊಂದೇ: ಮೈಮುಚ್ಚುವ ತಿಳಿಬಣ್ಣದ ಬಟ್ಟೆ, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸುವುದು, ಉಣುಗು ಓಡಿಸುವ ತೈಲ, ಹಿಂದಿರುಗಿದೊಡನೆ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಕುದಿನೀರಿಗೆ ಹಾಕುವುದು, ಸತ್ತ ಮಂಗವನ್ನು ಮುಟ್ಟದೆ ಸುದ್ದಿ ಮುಟ್ಟಿಸುವುದು. ಹಸುಗಳನ್ನು ಕಾಡಿಗೆ ಬಿಡದಿರುವುದೂ ಈ ಪಟ್ಟಿಯಲ್ಲಿದೆ. ಹಸುವಿನಿಂದ ರೋಗ ಬರದಿದ್ದರೂ ದೊಡ್ಡ ಉಣುಗುಗಳು ಹೊಟ್ಟೆ ತುಂಬಿಕೊಂಡು ಪೀಳಿಗೆ ಬೆಳೆಸುವುದು ಅದರ ಮೈಮೇಲೆಯೇ. ಮೇವು ಕೊಳ್ಳಲು ಹಣವಿಲ್ಲದ ಮನೆಗೆ ಈ ಉಪದೇಶವನ್ನು ಹೇಳುವುದು ಸುಲಭ.

ಮೊಮ್ಮಗ ಈಗ ಬತ್ತೇರಿಯ ಒಂದು ಗ್ಯಾರೇಜಿನಲ್ಲಿದ್ದಾನೆ. ಮೊದಲ ಸಂಬಳದಲ್ಲಿ ಅಜ್ಜಿಗೆ ಸೀರೆಯೊಂದಿಗೆ ಉಕ್ಕಿನ ಚಿಮಟವೊಂದನ್ನೂ ತಂದ. ಅದು ಹಟ್ಟಿಯ ಕಂಬದಲ್ಲಿ ದಾರಕ್ಕೆ ತೂಗುತ್ತದೆ. ಸೀಮೆಎಣ್ಣೆಯ ಡಬ್ಬಿ ದೀಪದ ಗೂಡಿಗೆ ಹೋಗಿದೆ. ಕಣ್ಣು ಮಂಜಾದುದರಿಂದ ಅಜ್ಜಿ ಮಕ್ಕಳನ್ನು ಬಿಸಿಲಿಗೆ ತಿರುಗಿಸಿ ಕೂರಿಸಿ, ಕಿವಿಯ ಹಿಂದೆ ಮೊದಲು ನೋಡುತ್ತಾರೆ.