ಏಳು ಬೆರಳಿನ ಮರ

ನವೆಂಬರ್ ತಿಂಗಳ ಕೊನೆಯಲ್ಲಿ ಜಪಾನಿನ ಕ್ಯೋಟೋ ನಗರದ ತೋಫುಕುಜಿ ವಿಹಾರಕ್ಕೆ ಹೋದವರು ಬುದ್ಧನ ದರ್ಶನಕ್ಕಿಂತ ಮೊದಲು ಮರಗಳ ದರ್ಶನ ಪಡೆಯುತ್ತಾರೆ. ವಿಹಾರದ ಆವರಣದಲ್ಲೊಂದು ಕಿರುಕಣಿವೆ. ಅದರ ಮೇಲೆ ಮಾಡು ಹೊದಿಸಿದ ಮರದ ಸೇತುವೆ. ಸ್ವರ್ಗ ಮುಟ್ಟುವ ಸೇತುವೆ ಎಂದು ಅದರ ಹೆಸರಿನ ಅರ್ಥ. 1959ರ ಚಂಡಮಾರುತದಲ್ಲಿ ಕುಸಿದ ಅದನ್ನು 1961ರಲ್ಲಿ ಮತ್ತೆ ಕಟ್ಟಿದರು. ಅಲ್ಲಿ ನಿಂತು ಕೆಳಗೆ ನೋಡಿದರೆ ಮೇಪಲ್ ಮರಗಳ ತಲೆಗಳು ಕೆಂಡದ ಹಾಸಿಗೆಯಂತೆ ಕಣಿವೆಯುದ್ದಕ್ಕೂ ಹರಡಿರುತ್ತವೆ.

ಈ ಕಣಿವೆಯ ಬಗೆಗೊಂದು ಐತಿಹ್ಯವುಂಟು. ಇಲ್ಲಿದ್ದ ಮಿಂಚೋ ಎಂಬ ಚಿತ್ರಕಾರ ಭಿಕ್ಷುವಿನ ಕೃತಿಗೆ ಮೆಚ್ಚಿದ ದೊರೆ, ಬೇಕಾದುದನ್ನು ಕೇಳೆಂದನಂತೆ. ಭಿಕ್ಷು ಹೊನ್ನನ್ನೂ ಕೇಳಲಿಲ್ಲ, ಪದವಿಯನ್ನೂ ಕೇಳಲಿಲ್ಲ. ಆವರಣದ ಚೆರಿ ಮರಗಳನ್ನೆಲ್ಲ ಕಡಿಸಬೇಕೆಂದು ಬೇಡಿದ. ಹೂವಿನ ಬೆಡಗಿಗೆ ಜನ ಮುತ್ತಿದರೆ ಧ್ಯಾನಕ್ಕೆ ಭಂಗವೆಂಬುದು ಅವನ ಅಳುಕು. ಚೆರಿ ಹೋಯಿತು, ಮೇಪಲ್ ಬಂದಿತು. ಆದರೆ ಇಂದು ಅದನ್ನು ನೋಡಲೆಂದೇ ಜನಸಾಗರ ನುಗ್ಗುತ್ತದೆ!

ಜಪಾನಿಗಳು ಈ ಮರವನ್ನು ಮೊಮಿಜಿ ಎನ್ನುತ್ತಾರೆ. ಕಾಯೆದೆ ಎಂಬುದು ಇನ್ನೊಂದು ಹೆಸರು. ಎಲೆ ಕಪ್ಪೆಯ ಕೈಯಂತಿರುವುದರಿಂದ ಆ ಹೆಸರು ಹುಟ್ಟಿತೆನ್ನುತ್ತಾರೆ. ಮಕ್ಕಳು ಅಕ್ಷರಮಾಲೆ ಒಪ್ಪಿಸುವ ಹಾಗೆ 'ಇ, ರೊ, ಹ' ಎಂದು ಎಲೆಯ ಸೀಳುಗಳನ್ನು ಎಣಿಸುತ್ತ ಹೋದರೆ ಏಳಕ್ಕೆ ಮುಗಿಯುವುದರಿಂದ 'ಇರೊಹ ಮೊಮಿಜಿ' ಎಂಬ ಹೆಸರೂ ಉಂಟು. 1775–76ರಲ್ಲಿ ಜಪಾನಿನಲ್ಲಿದ್ದ ಸ್ವೀಡನ್ನಿನ ವೈದ್ಯ ಥುನ್‌ಬರ್ಗ್ ಇದಕ್ಕೆ 'ಪಾಲ್ಮೇಟಮ್', ಅಂದರೆ ಅಂಗೈಯಂತಹುದು, ಎಂಬ ಶಾಸ್ತ್ರೀಯ ನಾಮವನ್ನಿತ್ತನು. 1820ರ ಹೊತ್ತಿಗೆ ಮರ ಇಂಗ್ಲೆಂಡನ್ನು ಸೇರಿತು.

ವಿಹಾರದ ವೈಭವ ಒಂದು ಬಗೆಯಾದರೆ, ಮನೆಯ ಮರದ ಸೊಬಗು ಇನ್ನೊಂದು ಬಗೆ. ಕ್ಯೋಟೋದ ಹಳೆಯ ವರ್ತಕರ ಮನೆಗಳು ಬೀದಿಯ ಕಡೆಗೆ ಕಿರಿದು, ಒಳಕ್ಕೆ ಉದ್ದ. ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಅಂಗಳವೇ ಮನೆಯ ತೋಟ. ಒಂದು ಕಲ್ಲಿನ ದೀಪ, ಕೈತೊಳೆಯುವ ಕಲ್ಲುಬಾನಿ, ಹಾವಸೆ, ಒಂದು ಮರ. ಅಷ್ಟಕ್ಕೇ ಸ್ಥಳ ತೀರುತ್ತದೆ. ಕೊಡೆಯಂತೆ ಅಡ್ಡಲಾಗಿ ಇಳಿಬೀಳುವ ಮೇಪಲ್ ತಳಿಗಳಿಗೆ ಇಂತಹ ಕಡೆ ಎಡೆಯಿಲ್ಲ. ನೆಟ್ಟಗೆ ಏಳುವ ಜಾತಿಯಾದರೆ ಬುಡಕ್ಕೆ ಅಂಗೈಯಗಲ ನೆಲ ಕೇಳಿ, ಸೂರನ್ನು ದಾಟಿ, ಮೇಲೆ ಎಲೆ ಬಿಚ್ಚುತ್ತದೆ; ಒಳಗಿನ ಚಾಪೆಯ ಮೇಲೆ ಹಸಿರು ಬೆಳಕು ಸೋಸಿ ಬೀಳುತ್ತದೆ.

ಹೀಗೆ ನೆಟ್ಟಗೆ ಬೆಳೆಯುವ ತಳಿಗಳಲ್ಲಿ ಒಸಕಾಜುಕಿ ಶರತ್ಕಾಲದ ಕಡುಗೆಂಪಿಗೆ ಹೆಸರಾದುದು. ಸಾಂಗೋಕಾಕುವಿನ ಎಲೆ ಉದುರಿದ ಮೇಲೆ ಎಳೆಗೊಂಬೆಗಳೇ ಹವಳದಂತೆ ಕೆಂಪಡರುತ್ತವೆ. ಇವು ಸಾಮಾನ್ಯವಾಗಿ 15ರಿಂದ 20 ಅಡಿಯವರೆಗೆ, ಕೆಲವೊಮ್ಮೆ ಇನ್ನೂ ಎತ್ತರಕ್ಕೆ ಏರುತ್ತವೆ. ಬೀಜ ಬಿತ್ತಿದರೆ ತಾಯಿಯ ಗುಣ ಮರಿಗೆ ನಿಶ್ಚಿತವಾಗಿ ಬರುವುದಿಲ್ಲ. ಆದುದರಿಂದ ಕಸಿಯೇ ಗತಿ.

ಸಾಕುವ ಕ್ರಮ ಕಠಿನವಲ್ಲ, ಆದರೆ ಅವಸರಕ್ಕೆ ಎಡೆಯಿಲ್ಲ. ಇದರ ಬೇರು ಆಳಕ್ಕಿಳಿಯದೆ ಮೇಲುಮಣ್ಣಿನಲ್ಲೇ ಹೆಣೆದುಕೊಳ್ಳುತ್ತದೆ. ಆದುದರಿಂದ ನೀರು ನಿಲ್ಲದ, ಕೊಂಚ ಹುಳಿಗುಣದ ಮಣ್ಣು ಬೇಕು. ಕುಂಡದಲ್ಲಿದ್ದುದಕ್ಕಿಂತ ಆಳಕ್ಕೆ ನೆಡಬಾರದು. ಬುಡ ಹೂತರೆ ತೊಗಟೆ ಕೊಳೆಯುತ್ತದೆ. ತರಗೆಲೆಯ ಹೊದಿಕೆ ಹಾಸಬೇಕು, ಆದರೆ ಅದು ಕಾಂಡಕ್ಕೆ ತಾಗಕೂಡದು. ಬೆಳಗಿನ ಬಿಸಿಲು ಹಿತ, ಪಡುವಣ ಬಿಸಿಲು ಅಹಿತ. ಒಣಗಾಳಿ ಸೇರಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಚಳಿಗಾಲದ ಕೊನೆಯಲ್ಲಿ ರಸವೇರುವಾಗ ಕೊಂಬೆ ಕಡಿದರೆ ಗಾಯ ಬಹಳ ಹೊತ್ತು ಒಸರುತ್ತದೆ. ಆದಕಾರಣ ಎಲೆ ಉದುರಿದ ಕೂಡಲೇ, ಇಲ್ಲವೆ ನಡುಬೇಸಗೆಯಲ್ಲಿ ಸವರುವುದು ವಾಡಿಕೆ. ಚಳಿಗಾಲದ ನಿದ್ರೆ ಈ ಮರಕ್ಕೆ ಅನ್ನದಷ್ಟೇ ಅಗತ್ಯ. ಚಳಿಯಿಲ್ಲದ ಬಯಲುನಾಡಿನಲ್ಲಿ ಅದು ಏಳಿಗೆಯಾಗುವುದಿಲ್ಲ.

ಬಣ್ಣದ ಗುಟ್ಟೂ ಚಳಿಯಲ್ಲೇ ಅಡಗಿದೆ. ಹಗಲು ಬಿಸಿಲು ಕಾದು ರಾತ್ರಿ ತಣ್ಣಗಾದಾಗ ಎಲೆಯ ಹಸಿರು ಕರಗುತ್ತದೆ. ಎಲೆಯಲ್ಲಿ ಉಳಿದ ಸಕ್ಕರೆಯ ಬಲದಿಂದ ಕೆಂಪು ಮೂಡುತ್ತದೆ. ರಾತ್ರಿ ಬೆಚ್ಚಗಿದ್ದರೆ ಕೆಂಪು ತಡವಾಗಿ, ಮಂಕಾಗಿ ಬರುತ್ತದೆ. ಜಪಾನಿನ ಹವಾಮಾನ ಇಲಾಖೆ 1953ರಿಂದ ಮೇಪಲ್ ಕೆಂಪಾಗುವ ದಿನವನ್ನು ಗುರುತಿಸುತ್ತ ಬಂದಿದೆ. ಆಗಿನಿಂದ ಈಚೆಗೆ ಆ ದಿನ ಸರಾಸರಿ ಎರಡು ವಾರಕ್ಕೂ ಹೆಚ್ಚು ಹಿಂದೆ ಸರಿದಿದೆ. ನವೆಂಬರಿನ ಉತ್ಸವ ಡಿಸೆಂಬರಿನ ಹೊಸ್ತಿಲು ಮುಟ್ಟಿದೆ.

ನೀರು, ನೆರಳು, ಗೊಬ್ಬರ, ಕತ್ತರಿ, ಇಷ್ಟೂ ಮನೆಯವನ ಕೈಯಲ್ಲಿವೆ. ರಾತ್ರಿಯ ತಂಪು ಮಾತ್ರ ಅವನ ಕೈಯಲ್ಲಿಲ್ಲ. ಅಜ್ಜ ನೆಟ್ಟ ಮರದ ಕೆಳಗೆ ಕುಳಿತ ಮೊಮ್ಮಗ, ಅಜ್ಜ ಕಂಡ ಕೆಂಪನ್ನು ಅದೇ ದಿನ ಕಾಣಲಾರ. ಆದರೂ ಕ್ಯೋಟೋದ ಅಂಗಳಗಳಲ್ಲಿ ಇಂದಿಗೂ ಎಳೆಯ ಮೊಮಿಜಿಗಳನ್ನು ನೆಡುತ್ತಿದ್ದಾರೆ. ಸೂರನ್ನು ದಾಟಲು ಅವುಗಳಿಗೆ ಹಲವು ವರ್ಷ ಬೇಕು. ಅಷ್ಟು ವರ್ಷಗಳ ಚಳಿಯನ್ನು ನಂಬಿಯೇ ನೆಡುವವರು ಗುಂಡಿ ತೋಡುತ್ತಾರೆ.